ಹಳೆಯ ಸರ್ವೇ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಲು ಅಡಾಪ್ಟರ್ ಮಾಡಿಸುವುದು ಹೇಗೆ?

ಪ್ರಶ್ನೆ: ನವನಗರ, ಬಾಗಲಕೋಟೆ

ಎಲ್ಲರಿಗೂ ಶರಣು.

ಚಳಿಗಾಲದಲ್ಲಿ ಆಲಮಟ್ಟಿಯ ಹಿನ್ನೀರು ಹಿಂದೆ ಸರಿಯತೊಡಗಿದಾಗ ಹೆರಕಲ್ ಸುತ್ತಮುತ್ತಲಿನ ಕೆಸರು ಬಯಲಿಗೆ ಪಟ್ಟೆತಲೆ ಹೆಬ್ಬಾತುಗಳೂ ರಾಜಹಂಸಗಳೂ ಬಂದಿಳಿಯುತ್ತವೆ. ಅವುಗಳ ಮೇವಿಗೆ ತೊಂದರೆಯಾಗದಷ್ಟು ದೂರದಲ್ಲಿ ನಿಂತು ಚಿತ್ರ ತೆಗೆಯಬೇಕೆಂಬ ಆಸೆಯಿಂದ ಎರಡು ವರ್ಷ ಹಣ ಕೂಡಿಸಿ 150–600 ಮಿ.ಮೀ. ಲೆನ್ಸನ್ನೂ ಅದಕ್ಕೊಂದು ಗಿಂಬಲ್ ಹೆಡ್ಡನ್ನೂ (ಟ್ರೈಪಾಡಿನ ಮೇಲೆ ಕೂತು, ಭಾರದ ಲೆನ್ಸನ್ನು ಎಲ್ಲ ದಿಕ್ಕಿಗೂ ಸಲೀಸಾಗಿ ತಿರುಗಿಸಲು ಬಿಡುವ ಹಿಡಿಕೆ) ಕೊಂಡಿದ್ದೇನೆ. ಲೆನ್ಸ್ ಸುಮಾರು 2 ಕೆ.ಜಿ., ಕ್ಯಾಮೆರಾ ಸುಮಾರು 700 ಗ್ರಾಂ ತೂಗುತ್ತವೆ. ಹೆಡ್ಡಿನ ತೂಕವೂ ಸೇರಿದಾಗ ನನ್ನ ಬಳಿ ಮೊದಲಿನಿಂದ ಇದ್ದ ಹಗುರ ಟ್ರೈಪಾಡ್ ಆ ಭಾರವನ್ನು ಹೊರುತ್ತದೆಯೇ ಹೊರತು ಹಿಡಿದು ನಿಲ್ಲಿಸುವುದಿಲ್ಲ. ನೀರಿನ ಮೇಲಿಂದ ಗಾಳಿ ಬೀಸಿದರೆ ವ್ಯೂಫೈಂಡರಿನೊಳಗಿನ ಹಕ್ಕಿ ನಡುಗುತ್ತದೆ.

ನಮ್ಮ ತಂದೆಯವರು ಕಾಲುವೆ ಸರ್ವೇ ಕೆಲಸದಲ್ಲಿದ್ದವರು. ಅವರು ನಿವೃತ್ತರಾಗುವ ಹೊತ್ತಿಗೆ ಹರಾಜಿನಲ್ಲಿ ಕೊಂಡು ತಂದ, ಮರದ ಕಾಲುಗಳ ಥಿಯೊಡೊಲೈಟ್ (ಸರ್ವೇಯಲ್ಲಿ ಕೋನ ಅಳೆಯುವ ಯಂತ್ರ) ಸ್ಟ್ಯಾಂಡ್ ಒಂದು ನಮ್ಮ ಅಟ್ಟದ ಮೇಲಿದೆ. ಅದನ್ನು ಇಳಿಸಿ, ಒರೆಸಿ, ಅಂಗಳದಲ್ಲಿ ನಿಲ್ಲಿಸಿ ಕೈಯಿಂದ ಅಲುಗಿಸಿ ನೋಡಿದೆ. ಅದು ಕಲ್ಲುಕಂಬದ ಹಾಗೆ ನಿಂತಿದೆ. ಆದರೆ ಅದರ ತಲೆ ಚಪ್ಪಟೆಯಾದ ಲೋಹದ ಹಲಗೆ; ಹಲಗೆಯ ನಡುವೆ 62 ಮಿ.ಮೀ. ಅಗಲದ ರಂಧ್ರವಿದೆ, ಆ ರಂಧ್ರದ ಮೂಲಕ ಕೆಳಗಿನಿಂದ ದಪ್ಪ ಬೋಲ್ಟೊಂದು ಮೇಲೆ ಬರುತ್ತದೆ. ನನ್ನ ಗಿಂಬಲ್ ಹೆಡ್ಡಿನ ಬುಡದಲ್ಲಿರುವುದು 3/8 ಇಂಚಿನ ರಂಧ್ರ. ಇವೆರಡನ್ನೂ ಕೂಡಿಸುವ ಅಡಾಪ್ಟರ್ ನನಗೆ ಬೇಕಾಗಿದೆ.

ಬೋಲ್ಟು ನೋಡಲು 16 ಮಿ.ಮೀ. ಇದ್ದಂತಿತ್ತು. ಅಂಗಡಿಯಿಂದ ಎಂ-16 (16 ಮಿ.ಮೀ. ಬೋಲ್ಟಿನ) ನಟ್ ತಂದು ಹಾಕಿದೆ. ಅದು ಒಂದೂವರೆ ಸುತ್ತು ಹೋಗಿ ಬಿಗಿಯಾಗಿ ನಿಂತಿತು. ಪಾನಾ ಹಾಕಿ ತಿರುಗಿಸೋಣವೆಂದರೆ ತಂದೆಯವರು ತಡೆದರು. ಇದು ಯಾವ ಥ್ರೆಡ್? ಅಡಾಪ್ಟರನ್ನು ಯಾವ ಲೋಹದಲ್ಲಿ ಮಾಡಿಸಬೇಕು? ದಪ್ಪ ಪ್ಲೈವುಡ್ಡಿನಲ್ಲಿ ನಾನೇ ಮಾಡಿಕೊಂಡರೆ ತಡೆಯುತ್ತದೆಯೇ? ನಟ್ಟನ್ನು ಕಬ್ಬಿಣದ ಪಟ್ಟಿಗೆ ವೆಲ್ಡ್ ಮಾಡಿಸಿಬಿಡಿ ಎಂದು ಒಬ್ಬರು ಹೇಳಿದರು, ಅದು ಸರಿಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಉದ್ಯಮಬಾಗ, ಬೆಳಗಾವಿ

ತಮ್ಮಾ, ನಿಮ್ಮ ತಂದೆಯವರು ತಡೆದದ್ದು ಒಳ್ಳೆಯದಾಯಿತು. ಪಾನಾ ಹಾಕಿದ್ದರೆ ಆ ಬೋಲ್ಟಿನ ಆಟೆಗಳು (ಥ್ರೆಡ್ಡುಗಳು) ಅಲ್ಲಿಯೇ ಹಾಳಾಗುತ್ತಿದ್ದವು. ನಾನು ಇಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೇಥ್ (ಲೋಹ ಕಡೆಯುವ ಯಂತ್ರ) ಕೆಲಸ ಮಾಡುತ್ತಿದ್ದೇನೆ. ಇಂಚಿನ ಬೋಲ್ಟಿಗೆ ಮಿಲಿಮೀಟರಿನ ನಟ್ ಒತ್ತಾಯದಿಂದ ಹಾಕಿ ಕೆಡಿಸಿಕೊಂಡು ತಂದ ಸಾಮಾನುಗಳನ್ನು ರಿಪೇರಿ ಮಾಡುವುದರಲ್ಲಿಯೇ ನನ್ನ ಎಷ್ಟೋ ದಿನಗಳು ಕಳೆದಿವೆ.

ಥಿಯೊಡೊಲೈಟ್, ಆಟೊ ಲೆವೆಲ್, ಟೋಟಲ್ ಸ್ಟೇಷನ್‌ಗಳಂಥ ಸರ್ವೇ ಯಂತ್ರಗಳ ಸ್ಟ್ಯಾಂಡುಗಳಲ್ಲಿ ಸಾಮಾನ್ಯವಾಗಿ ಇರುವುದು 5/8 ಇಂಚಿನ ಬೋಲ್ಟು, ಇಂಚಿಗೆ 11 ಆಟೆ. ಅದರ ಹೊರ ವ್ಯಾಸ 15.875 ಮಿ.ಮೀ. ಆದ್ದರಿಂದ ಕಣ್ಣಿಗೂ ಸಾದಾ ಅಳತೆಪಟ್ಟಿಗೂ ಅದು 16 ಎಂದೇ ಕಾಣುತ್ತದೆ. ಆದರೆ ಎಂ-16ರಲ್ಲಿ ಒಂದು ಆಟೆಯಿಂದ ಮುಂದಿನ ಆಟೆಗೆ 2 ಮಿ.ಮೀ. ಅಂತರವಿದ್ದರೆ, ಇದರಲ್ಲಿ ಸುಮಾರು 2.31 ಮಿ.ಮೀ. ಇದೆ. ಒಂದೂವರೆ ಸುತ್ತಿಗೆ ಆ ವ್ಯತ್ಯಾಸ ಹೆಚ್ಚುಕಡಿಮೆ ಅರ್ಧ ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ನಿಮ್ಮ ನಟ್ ನಿಂತದ್ದೂ ಅಲ್ಲಿಯೇ.

ಆದರೂ ನನ್ನ ಮಾತನ್ನು ನಂಬಿ ಕೆಲಸ ಶುರು ಮಾಡಬೇಡಿ, ನೀವೇ ಎಣಿಸಿ ನೋಡಿ. ಥ್ರೆಡ್ ಗೇಜ್ ಇಲ್ಲದಿದ್ದರೂ ಅಡ್ಡಿಯಿಲ್ಲ. ಬೋಲ್ಟಿನ ಉದ್ದಕ್ಕೆ ತೆಳುವಾದ ಬಿಳಿ ಕಾಗದ ಒತ್ತಿ ಹಿಡಿದು ಅದರ ಮೇಲೆ ಪೆನ್ಸಿಲ್ ಉಜ್ಜಿದರೆ ಆಟೆಗಳ ಗೆರೆಗಳು ಮೂಡುತ್ತವೆ. ಬೋಲ್ಟು ಚಿಕ್ಕದಾಗಿದ್ದರೆ ಅರ್ಧ ಇಂಚಿನಲ್ಲಿ ಐದೂವರೆ ಅಂತರಗಳು ಬರುತ್ತವೆಯೇ ಎಂದು ನೋಡಿದರೂ ಸಾಕು. ಎಂ-16 ಆಗಿದ್ದರೆ ಅಷ್ಟರಲ್ಲಿ ಆರಕ್ಕಿಂತ ಹೆಚ್ಚು ಬರಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ನಮ್ಮ ಕಡೆ ಇವತ್ತಿಗೂ ಸೂತದ ಲೆಕ್ಕ ನಡೆಯುತ್ತದೆ. ಒಂದು ಸೂತವೆಂದರೆ ಇಂಚಿನ ಎಂಟನೆಯ ಒಂದು ಭಾಗ. ಕ್ಯಾಮೆರಾದ ಕೆಳಗಿನ 1/4 ಇಂಚು ಎಂದರೆ ಎರಡು ಸೂತ, ನಿಮ್ಮ ಹೆಡ್ಡಿನದು ಮೂರು ಸೂತ, ಸ್ಟ್ಯಾಂಡಿನದು ಐದು ಸೂತ. ಹೀಗೆ ಕೇಳಿದರೆ ಅಂಗಡಿಯವರಿಗೆ ತಕ್ಷಣ ತಿಳಿಯುತ್ತದೆ. ಆದರೆ ಅವರು ಕೊಡುವ ಹಳೆಯ ಮಾಲು ಹಲವು ಸಲ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಪದ್ಧತಿಯ ಆಟೆಯದಾಗಿರುತ್ತದೆ. ಕ್ಯಾಮೆರಾ ಸಾಮಾನುಗಳು ಈಗ ಯು.ಎನ್.ಸಿ. ಎಂಬ ಅಮೆರಿಕನ್ ಪದ್ಧತಿಯ ಆಟೆಯವು. ನಮ್ಮ ಅದೃಷ್ಟಕ್ಕೆ ಈ ಮೂರೂ ಅಳತೆಗಳಲ್ಲಿ ಎರಡೂ ಪದ್ಧತಿಗಳ ಆಟೆಗಳ ಸಂಖ್ಯೆ ಒಂದೇ: 1/4ಕ್ಕೆ 20, 3/8ಕ್ಕೆ 16, 5/8ಕ್ಕೆ 11. ಆಟೆಯ ಕೋನ ಮಾತ್ರ ಬೇರೆ, ವಿಟ್‌ವರ್ತಿನದು 55 ಡಿಗ್ರಿ, ಯು.ಎನ್.ಸಿ.ಯದು 60 ಡಿಗ್ರಿ. ಸ್ಟ್ಯಾಂಡಿನ ಕಡೆಯ ದಪ್ಪ ಆಟೆಗೆ ವಿಟ್‌ವರ್ತ್ ಟ್ಯಾಪ್ (ರಂಧ್ರದೊಳಗೆ ಆಟೆ ಕೊರೆಯುವ ಉಪಕರಣ) ಹಾಕಿದರೂ ನಡೆಯುತ್ತದೆ. ಕ್ಯಾಮೆರಾದೊಳಗೆ ಹೋಗುವ ಸ್ಕ್ರೂ ಮಾತ್ರ ಯು.ಎನ್.ಸಿ.ಯೇ ಇರಲಿ, ಅಲ್ಲಿ ರಾಜಿ ಬೇಡ. ಇನ್ನು ಅರ್ಧ ಇಂಚಿನಲ್ಲಿ ವಿಟ್‌ವರ್ತಿನದು 12, ಯು.ಎನ್.ಸಿ.ಯದು 13. ನಿಮಗೆ ಅದು ಬೇಕಿಲ್ಲ, ಆದರೂ ಇದನ್ನು ಓದುವ ಬೇರೆಯವರ ನೆನಪಿನಲ್ಲಿರಲೆಂದು ಬರೆದಿದ್ದೇನೆ.

ವೆಲ್ಡಿಂಗ್ ಬೇಡವೇ ಬೇಡ. ಕಾರಣ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಬೋಲ್ಟು ಗಟ್ಟಿಯಾಗಿದ್ದರೆ ಎಲ್ಲವೂ ಗಟ್ಟಿ ಎಂದು ಹೆಚ್ಚಿನವರು ತಿಳಿಯುತ್ತಾರೆ. ಬೋಲ್ಟಿನ ಕೆಲಸ ಎರಡು ಮುಖಗಳನ್ನು ಒಂದಕ್ಕೊಂದು ಎಳೆದು ಹಿಡಿಯುವುದಷ್ಟೇ. ಅಲುಗದಂತೆ ನಿಲ್ಲಿಸುವುದು ಆ ಎರಡು ಮುಖಗಳು. ನಿಮ್ಮ 2.7 ಕೆ.ಜಿ. ಭಾರ ನಡುಗೆರೆಯಿಂದ 10 ಸೆಂ.ಮೀ. ಆಚೆ ಸರಿದರೆ ಸುಮಾರು 2.6 ನ್ಯೂಟನ್ ಮೀಟರಿನಷ್ಟು ಮಗ್ಗುಲಿಗೆ ವಾಲಿಸುವ ತಿರುಗುಬಲ ಹುಟ್ಟುತ್ತದೆ. ಅದನ್ನು ಅಗಲವಾದ, ಸಮತಟ್ಟಾದ ಮುಖ ಸುಲಭವಾಗಿ ತಾಳಿಕೊಳ್ಳುತ್ತದೆ; ಒಂದು ನಟ್ಟಿನ ಅಂಚು ತಾಳಿಕೊಳ್ಳುವುದಿಲ್ಲ. ವೆಲ್ಡ್ ಮಾಡಿದ ಪಟ್ಟಿ ಕಾವಿಗೆ ಸೊಟ್ಟಗಾಗುತ್ತದೆ, ಮೂರು ಕಡೆ ತಾಗಿ ನಾಲ್ಕನೆಯ ಕಡೆ ಎದ್ದು ನಿಲ್ಲುತ್ತದೆ. ಆಮೇಲೆ ಎಷ್ಟು ಬಿಗಿದರೂ ಲೆನ್ಸಿನ ತುದಿಯಲ್ಲಿ ನಡುಕ ಇದ್ದೇ ಇರುತ್ತದೆ.

ಆದ್ದರಿಂದ ಅಲ್ಯುಮಿನಿಯಂ ರೌಂಡ್ ಬಾರಿನಿಂದ 90 ಮಿ.ಮೀ. ವ್ಯಾಸದ, 25 ಮಿ.ಮೀ. ದಪ್ಪದ ಬಿಲ್ಲೆಯೊಂದನ್ನು ಮಾಡಿಸಿ. ನಿಮ್ಮ ರಂಧ್ರ 62 ಮಿ.ಮೀ. ಇರುವುದರಿಂದ ಸುತ್ತಲೂ 14 ಮಿ.ಮೀ. ಅಗಲದ ಉಂಗುರ ತಲೆಯ ಮೇಲೆ ಕೂರುತ್ತದೆ. ತೂಕ 430 ಗ್ರಾಂ ಆಸುಪಾಸು ಬರುತ್ತದೆ. ಅದೇ ಅಳತೆಯಲ್ಲಿ ಕಬ್ಬಿಣ ಹಾಕಿದರೆ ಒಂದೂಕಾಲು ಕೆ.ಜಿ. ಆಗುತ್ತದೆ. ಪಾತ್ರೆಯ ಹಾಗೆ ಮೆತ್ತಗಿರುವ ಅಲ್ಯುಮಿನಿಯಂ ಬೇಡ, 6061 ಅಥವಾ ಇಲ್ಲಿ ಎಚ್.ಇ. 30 ಎನ್ನುವ ಜಾತಿಯದನ್ನು ಕೇಳಿ. ಮೇಲಿನಿಂದ ಕೆಳಗಿನವರೆಗೆ 8 ಮಿ.ಮೀ. ಡ್ರಿಲ್ ಹೊಡೆಸಿ, ಕೆಳಗಿನಿಂದ 15 ಮಿ.ಮೀ. ಆಳದವರೆಗೆ ಅದನ್ನು 13.5 ಮಿ.ಮೀ.ಗೆ ದೊಡ್ಡದು ಮಾಡಿಸಿ. ಕೆಳಗೆ 5/8ರ ಟ್ಯಾಪ್, ಮೇಲಿನ 10 ಮಿ.ಮೀ.ಗೆ 3/8ರ ಟ್ಯಾಪ್. ಮೇಲಿನ ರಂಧ್ರಕ್ಕೆ ಸ್ಟೇನ್‌ಲೆಸ್ ಸ್ಟೀಲಿನ 3/8 ಸ್ಟಡ್ (ತಲೆಯಿಲ್ಲದ ಬೋಲ್ಟು) ತಿರುಗಿಸಿ ಕೂರಿಸಬೇಕು. ಬಿಲ್ಲೆಯ ಜೊತೆಗೇ ಅಲ್ಯುಮಿನಿಯಂನಲ್ಲಿ ಸ್ಟಡ್ ಕಡೆಸಬೇಡಿ, ಹತ್ತಾರು ಸಲ ಬಿಚ್ಚಿ ಹಾಕುವಷ್ಟರಲ್ಲಿ ಆ ಆಟೆಗಳು ಸವೆಯುತ್ತವೆ.

ಲೇಥಿನವರಿಗೆ ಒಂದು ಮಾತನ್ನು ತಪ್ಪದೇ ಹೇಳಿ: ಕೆಳಗಿನ ಮುಖದ ಫೇಸಿಂಗ್ (ಸಮತಟ್ಟು ಮಾಡುವುದು), ಡ್ರಿಲ್, ಟ್ಯಾಪ್ ಮೂರೂ ಒಂದೇ ಹಿಡಿತದಲ್ಲಿ ಆಗಬೇಕು, ಬಿಲ್ಲೆ ಹಿಡಿದಿರುವ ಚಕ್ಕಿನಿಂದ ಅದನ್ನು ನಡುವೆ ಬಿಚ್ಚಬಾರದು. ಹಾಗೆ ಮಾಡಿದರೆ ಮಾತ್ರ ಆಟೆ ಮುಖಕ್ಕೆ ನೆಟ್ಟಗೆ ಬರುತ್ತದೆ. ವೈಸಿನಲ್ಲಿ ಹಿಡಿದು ಕೈಯಿಂದ 5/8 ಟ್ಯಾಪ್ ಹಾಕಿದರೆ ಸ್ವಲ್ಪವಾದರೂ ವಾಲುತ್ತದೆ. ಟೇಲ್‌ಸ್ಟಾಕಿನ ಸೆಂಟರ್ (ಲೇಥಿನ ಇನ್ನೊಂದು ತುದಿಯ ಮೊನೆ) ಆಧಾರ ಕೊಟ್ಟು ಹಾಕಬೇಕು. ಅಲ್ಯುಮಿನಿಯಂ ಟ್ಯಾಪಿಗೆ ಅಂಟಿಕೊಳ್ಳದಿರಲು ಸೀಮೆಎಣ್ಣೆ ಹಾಕುತ್ತ ಹೋದರೆ ಸಾಕು.

ಕೆಲಸಕ್ಕೆ ಕೊಡುವ ಮೊದಲು ಎರಡು ಅಳತೆ ತೆಗೆದುಕೊಳ್ಳಿ. ಸ್ಟ್ಯಾಂಡಿನ ಬೋಲ್ಟನ್ನು ಪೂರ್ತಿ ಮೇಲೆ ಒತ್ತಿದಾಗ ಅದು ತಲೆಯಿಂದ ಎಷ್ಟು ಮೇಲೆ ಏಳುತ್ತದೆ? ಅದು 15 ಮಿ.ಮೀ.ಗಿಂತ ಹೆಚ್ಚಿದ್ದರೆ ಬೋಲ್ಟಿನ ತುದಿ ರಂಧ್ರದ ತಳಕ್ಕೆ ತಾಗಿ, ಬಿಗಿಯಾದಂತೆ ಕಂಡರೂ ಬಿಲ್ಲೆ ಸಡಿಲವಾಗಿಯೇ ಉಳಿಯುತ್ತದೆ. ಎರಡನೆಯದಾಗಿ, ಹೆಡ್ಡಿನ ಬುಡದ ರಂಧ್ರದ ಆಳ. ಸ್ಟಡ್ ಅದಕ್ಕಿಂತ 1 ಮಿ.ಮೀ. ಕಡಿಮೆಯೇ ಹೊರಗೆ ಇರಲಿ.

ಉತ್ತರ 2: ವಿಜಯಪುರ

ಮೇಲಿನ ಅಣ್ಣನವರು ಬರೆದುದಕ್ಕೆ ಪ್ಲೈವುಡ್ಡಿನ ವಿಷಯವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ಅದನ್ನು ಮಾಡಿ ನೋಡಿದವಳು ನಾನು. 18 ಮಿ.ಮೀ. ಪ್ಲೈವುಡ್ಡಿನಲ್ಲಿ ಟೀ-ನಟ್ (ಮರಕ್ಕೆ ಕಚ್ಚುವ ಹಲ್ಲುಗಳಿರುವ ನಟ್) ಕೂರಿಸಿ, ಅರಾಲ್ಡೈಟ್ ಅಂಟು ಹಾಕಿ, ಒಂದು ಹಗಲು ಒಂದು ರಾತ್ರಿ ಒಣಗಿಸಿ ಅಡಾಪ್ಟರ್ ಮಾಡಿಕೊಂಡಿದ್ದೆ. ನಾನು ಶಾಲೆಯಲ್ಲಿ ಕಲಿಸುವವಳು. ಪಾಠಗಳನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಲು ಅದನ್ನು ಎರಡು ವರ್ಷ ಬಳಸಿದರೂ ಏನೂ ಆಗಲಿಲ್ಲ. ಮೊಬೈಲಿಗೆ, ಚಿಕ್ಕ ಕ್ಯಾಮೆರಾಕ್ಕೆ, ಮೈಕಿಗೆ ಇಂದಿಗೂ ಅದನ್ನೇ ಮಾಡಿಕೊಳ್ಳಿ ಎಂದು ಹೇಳುತ್ತೇನೆ. ಅದರ ಧೈರ್ಯದ ಮೇಲೆ ಒಂದು ಸಲ ನಮ್ಮ ಮನೆಯ ಅಣ್ಣನ ದೊಡ್ಡ ಲೆನ್ಸನ್ನು ಕೂರಿಸಿದೆ. ಅದು ಮಳೆಗಾಲ ಮುಗಿದ ಹೊಸತು. ಪ್ಲೈವುಡ್ ತೇವ ಹೀರಿ ಉಬ್ಬಿ, ಆಮೇಲೆ ಒಣಗಿ ಕುಗ್ಗಿದ್ದರಿಂದ ನಟ್ಟಿನ ಹಲ್ಲುಗಳು ಹಿಡಿತ ಬಿಟ್ಟಿದ್ದವು. ಲೆನ್ಸ್ ಒಂದು ಪಕ್ಕಕ್ಕೆ ವಾಲತೊಡಗಿದಾಗ ನನ್ನ ಕೈ ಅದರ ಮೇಲೆಯೇ ಇತ್ತು, ಹಾಗಾಗಿ ಉಳಿಯಿತು. ಆ ಗಳಿಗೆಯನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಎರಡು ವರ್ಷ ಕೂಡಿಸಿದ ಹಣವನ್ನು ದಯವಿಟ್ಟು ಪ್ಲೈವುಡ್ಡಿನ ಮೇಲೆ ಇಡಬೇಡಿ.

ಕ್ಯಾಮೆರಾದ ಕಡೆಯ ಸ್ಕ್ರೂವನ್ನು ಮನೆಯಲ್ಲಿ ಮಾಡಲು ಹೋಗಬೇಡಿ ಎಂಬುದು ನನ್ನ ಇನ್ನೊಂದು ವಿನಂತಿ. ಕ್ಯಾಮೆರಾದ ಕೆಳಗಿನ ರಂಧ್ರ ಬಹಳ ಆಳವಿರುವುದಿಲ್ಲ. ಸೋನಿಯವರ ಕೈಪಿಡಿಗಳಲ್ಲಿ ಟ್ರೈಪಾಡಿನ ಸ್ಕ್ರೂ 5.5 ಮಿ.ಮೀ.ಗಿಂತ ಚಿಕ್ಕದಿರಬೇಕೆಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಉದ್ದದ ಬೋಲ್ಟನ್ನು ಕತ್ತರಿಸಿ ಹಾಕಿದರೆ ಅದು ರಂಧ್ರದ ತಳಕ್ಕೆ ಒತ್ತಿ ಒಳಗಿನ ಚೌಕಟ್ಟನ್ನೇ ಎಬ್ಬಿಸಬಹುದು. ಎಂ-6 ಬೋಲ್ಟು ಸಹ ಅಲ್ಲಿಗೆ ಹೋಗುವಂತೆ ಕಾಣುತ್ತದೆ, ಏಕೆಂದರೆ 1/4 ಇಂಚು 6.35 ಮಿ.ಮೀ. ಆದ್ದರಿಂದ 6 ಮಿ.ಮೀ. ಬೋಲ್ಟು ಸಡಿಲವಾಗಿ ಒಳಗೆ ಇಳಿಯುತ್ತದೆ. "ಎರಡೂ ಒಂದೇ, ಹಾಕಿಕೊಳ್ಳಿ" ಎಂದು ಅಂಗಡಿಯೊಂದರಲ್ಲಿ ಕೊಟ್ಟದ್ದನ್ನು ನಂಬಿ ನಾನು ನನ್ನ ಮೊದಲ ಕ್ಯಾಮೆರಾದ ಥ್ರೆಡ್ ಕೆಡಿಸಿಕೊಂಡೆ.

ದೊಡ್ಡ ಲೆನ್ಸ್ ಇದ್ದಾಗ ಕ್ಯಾಮೆರಾವನ್ನಲ್ಲ, ಲೆನ್ಸಿನ ಕೆಳಗಿರುವ ಕಾಲನ್ನೇ ಹೆಡ್ಡಿನ ಪ್ಲೇಟಿಗೆ ಕಟ್ಟುತ್ತಾರೆ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಕಾಲಿನ ಕೆಳಗೆ ಎರಡು ರಂಧ್ರಗಳಿದ್ದರೆ ಎರಡಕ್ಕೂ ಸ್ಕ್ರೂ ಹಾಕಿ. ಒಂದೇ ಇದ್ದರೆ ನಡುವೆ ಕಾರ್ಕ್ ಹಾಳೆ ಇಡಿ. ಅಥಣಿಯ ಚಪ್ಪಲಿ ಮಾಡುವವರ ಬಳಿ ತೆಳುವಾದ ಚರ್ಮದ ತುಂಡು ಕೇಳಿ ತಂದು ನಾನು ಹಾಕಿದ್ದೆ. ಹಿಡಿತ ಚೆನ್ನಾಗಿತ್ತು, ಆದರೆ ಬೆವರು ಮತ್ತು ಇಬ್ಬನಿಯ ತೇವ ಕುಡಿದು ಅದು ಮೆತ್ತಗಾಗುತ್ತಿತ್ತು. ಆದ್ದರಿಂದ ಈಗ ಕಾರ್ಕಿಗೆ ಬಂದಿದ್ದೇನೆ.

ಪ್ರಶ್ನೆ ಕೇಳಿದವರು: ನವನಗರ, ಬಾಗಲಕೋಟೆ

ಅಣ್ಣನವರಿಗೂ ಅಕ್ಕನವರಿಗೂ ಮನಃಪೂರ್ವಕ ಧನ್ಯವಾದಗಳು. ಕಾಗದ ಉಜ್ಜಿ ಎಣಿಸಿದೆವು; ತಂದೆಯವರೇ ಕನ್ನಡಕ ಹಾಕಿಕೊಂಡು ಎರಡು ಸಲ ಎಣಿಸಿದರು. ಇಂಚಿಗೆ 11 ಸರಿಯಾಗಿ ಬಂತು. ವರ್ನಿಯರಿನಲ್ಲಿ ವ್ಯಾಸ 15.8 ಮಿ.ಮೀ. ತೋರಿಸಿತು. ಬೋಲ್ಟು ತಲೆಯ ಮೇಲೆ 13 ಮಿ.ಮೀ. ಏಳುತ್ತದೆ, ಹೆಡ್ಡಿನ ರಂಧ್ರದ ಆಳ 12 ಮಿ.ಮೀ. ಇದೆ. ಈ ಅಳತೆಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಹೋಗಿ ಬಿಲ್ಲೆಯನ್ನು ಮಾಡಿಸಿದೆ. ಒಂದೇ ಹಿಡಿತದಲ್ಲಿ ಮಾಡಬೇಕೆಂದಾಗ ಲೇಥಿನವರು ನಕ್ಕು, "ಇದನ್ನು ನಿಮಗೆ ಯಾರೋ ಕೆಲಸ ಬಲ್ಲವರೇ ಹೇಳಿದ್ದಾರೆ" ಎಂದರು.

ಬಿಲ್ಲೆ ತಲೆಯ ಮೇಲೆ ಕೂತಾಗ ನಡುವೆ ಒಂದು ಕಾಗದದ ಹಾಳೆಯೂ ನುಸುಳಲಿಲ್ಲ. ನಿನ್ನೆ ಬೆಳಿಗ್ಗೆ ಹಿನ್ನೀರಿಗೆ ಒಯ್ದು 600 ಮಿ.ಮೀ.ನಲ್ಲಿ ಸೆಕೆಂಡಿನ 1/60ರ ವೇಗದಲ್ಲಿ ತೆಗೆದ ಚಿತ್ರದಲ್ಲಿ ಹೆಬ್ಬಾತಿನ ತಲೆಯ ಎರಡು ಕಪ್ಪು ಪಟ್ಟೆಗಳ ಅಂಚು ಬಿಡಿಬಿಡಿಯಾಗಿ ಕಾಣುತ್ತದೆ. ಇಷ್ಟು ದಿನ 1/500ಕ್ಕಿಂತ ಕೆಳಗೆ ಇಳಿಯಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಆದರೆ ಒಂದು ತೊಂದರೆ ಎದುರಾಗಿದೆ. ಹಾರುವ ಹಿಂಡನ್ನು ಹಿಂಬಾಲಿಸುತ್ತ ಹೆಡ್ಡನ್ನು ಎಡಕ್ಕೆ ಬಹಳ ಸಲ ತಿರುಗಿಸಿದಾಗ, ಹೆಡ್ಡಿನ ಬುಡವೇ ಸ್ಟಡ್ಡಿನಿಂದ ಸಡಿಲವಾಗುತ್ತ ಬಂತು. ಬಲಕ್ಕೆ ತಿರುಗಿಸಿದಾಗ ಹಾಗಾಗುವುದಿಲ್ಲ. ಸ್ಟಡ್ಡಿಗೆ ಅಂಟು ಹಾಕಿಬಿಡಲೇ?

ಉತ್ತರ 3: ಉದ್ಯಮಬಾಗ, ಬೆಳಗಾವಿ

ಬಲಗೈ ಆಟೆಯ ಸ್ವಭಾವವೇ ಅದು, ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ನನ್ನ ಮೊದಲ ಉತ್ತರದಲ್ಲಿಯೇ ಇದನ್ನು ಹೇಳಬೇಕಾಗಿತ್ತು, ಮರೆತೆ.

ಸ್ಟಡ್ ಮತ್ತು ಬಿಲ್ಲೆಯ ನಡುವೆ ಆಟೆ ಬಿಗಿಹಿಡಿಯುವ ಅಂಟಾದ ಲಾಕ್‌ಟೈಟ್ ಹಾಕಿ, ಅಲ್ಲಿ ಅದು ಎಂದೂ ಬಿಚ್ಚಬೇಕಾಗಿಲ್ಲ. ಹಾಕುವ ಮೊದಲು ಸೀಮೆಎಣ್ಣೆಯ ಜಿಡ್ಡನ್ನು ಪೂರ್ತಿ ತೊಳೆಯಿರಿ. ಸ್ಟಡ್ ಮತ್ತು ಹೆಡ್ಡಿನ ನಡುವೆ ಮಾತ್ರ ಯಾವ ಅಂಟನ್ನೂ ಹಾಕಬೇಡಿ. ಅದರ ಬದಲು ಬಿಲ್ಲೆಯಲ್ಲಿ, ಹೆಡ್ಡಿನ ಬುಡದ ಅಂಚು ಬರುವ ವೃತ್ತದ ಸ್ವಲ್ಪ ಒಳಗೆ, 120 ಡಿಗ್ರಿ ಅಂತರದಲ್ಲಿ ಮೂರು ರಂಧ್ರ ಹೊಡೆಸಿ ಎಂ-4 ಟ್ಯಾಪ್ ಹಾಕಿಸಿ. ಕೆಳಗಿನಿಂದ ಗ್ರಬ್ ಸ್ಕ್ರೂಗಳನ್ನು (ತಲೆಯಿಲ್ಲದ ಚಿಕ್ಕ ಸ್ಕ್ರೂಗಳು) ಆರು ಮೂಲೆಯ ಎಲೆನ್ ಕೀಲಿಯಿಂದ ಮೇಲಕ್ಕೆ ಏರಿಸಿದರೆ ಅವು ಹೆಡ್ಡಿನ ಬುಡವನ್ನು ಒತ್ತಿ ಹಿಡಿಯುತ್ತವೆ. ನಾಲ್ಕು ಮಿ.ಮೀ.ಗೆ 3.3 ಮಿ.ಮೀ. ಡ್ರಿಲ್. ಬಿಲ್ಲೆ 25 ಮಿ.ಮೀ. ದಪ್ಪವಿರುವುದರಿಂದ ಕೆಳಗಿನ 15 ಮಿ.ಮೀ.ವರೆಗೆ ರಂಧ್ರವನ್ನು 4.5ಕ್ಕೆ ದೊಡ್ಡದು ಮಾಡಿದರೆ ಟ್ಯಾಪ್ ಮುರಿಯುವ ಭಯವಿಲ್ಲ. ರಂಧ್ರಗಳ ಕೆಳಬಾಯಿ ಸ್ಟ್ಯಾಂಡಿನ 62 ಮಿ.ಮೀ. ತೆರಪಿನೊಳಗೇ ಬರುವಂತೆ ನೋಡಿಕೊಳ್ಳಿ. ಹಾಗಾದರೆ ಬಿಲ್ಲೆಯನ್ನು ಸ್ಟ್ಯಾಂಡಿನಿಂದ ತೆಗೆಯದೆಯೇ ಕೆಳಗಿನಿಂದ ಕೀಲಿ ಹಾಕಬಹುದು.

ಗ್ರಬ್ ಸ್ಕ್ರೂ ತುದಿ ಚಪ್ಪಟೆಯದಿರಲಿ, ಚೂಪಾದದ್ದು ಹೆಡ್ಡಿನ ಬುಡವನ್ನು ಕೊರೆಯುತ್ತದೆ. ಬಿಗಿಯುವ ಕ್ರಮವೂ ಮುಖ್ಯ: ಮೊದಲು ಹೆಡ್ಡನ್ನು ಕೈಯಿಂದ ಪೂರ್ತಿ ಬಿಗಿದು, ಆಮೇಲೆ ಮೂರನ್ನೂ ಸ್ವಲ್ಪ ಸ್ವಲ್ಪವಾಗಿ ಸರದಿಯಂತೆ ಏರಿಸಿ. ಒಂದನ್ನೇ ಪೂರ್ತಿ ಬಿಗಿದರೆ ಹೆಡ್ಡು ಆ ಕಡೆಯಿಂದ ಎದ್ದು, ನಾವು ಇಷ್ಟು ಕಷ್ಟಪಟ್ಟು ಸಾಧಿಸಿದ ಸಮ ಮುಖ ವ್ಯರ್ಥವಾಗುತ್ತದೆ.

ಉತ್ತರ 4: ಬಾದಾಮಿ

ಸರ್ವೇ ಸ್ಟ್ಯಾಂಡಿನ ಕಾಲುಗಳ ತುದಿಯಲ್ಲಿ ಚೂಪಾದ ಕಬ್ಬಿಣವಿರುತ್ತದೆ ಎಂಬುದನ್ನು ಇದನ್ನೆಲ್ಲ ಓದಿ ಉತ್ಸಾಹಗೊಂಡವರು ಗಮನಿಸಬೇಕು. ಅದು ಮಣ್ಣಿಗಾಗಿ ಮಾಡಿದ್ದು. ನಮ್ಮಲ್ಲಿಯ ಮರಳುಗಲ್ಲಿನ ನೆಲದ ಮೇಲೆ ಅದು ಜಾರುತ್ತದೆ, ಜಾರದಿದ್ದರೆ ಕಲ್ಲಿನ ಮೇಲೆ ಗೀರು ಬೀಳುತ್ತದೆ. ಗುಹಾಲಯಗಳಲ್ಲಿಯೂ ಪಟ್ಟದಕಲ್ಲಿನಲ್ಲಿಯೂ ಟ್ರೈಪಾಡ್ ಬಳಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಅನುಮತಿ ಪಡೆದವರೂ ಈ ಕಬ್ಬಿಣದ ಮೊನೆಗಳನ್ನು ಹಾಗೆಯೇ ಊರಬಾರದು. ನಾನು 75 ಮಿ.ಮೀ. ಅಗಲದ ಮೂರು ಮರದ ಬಿಲ್ಲೆಗಳ ನಡುವೆ ಮೊನೆ ಕೂರುವಷ್ಟು ಕುಳಿ ತೋಡಿ, ಕೆಳಗೆ ಸೈಕಲ್ ಟ್ಯೂಬಿನ ರಬ್ಬರ್ ಅಂಟಿಸಿಕೊಂಡಿದ್ದೇನೆ. ಮೂರು ಬಿಲ್ಲೆಗಳನ್ನೂ ಒಂದಕ್ಕೊಂದು ಹಗ್ಗದಿಂದ ಕಟ್ಟಿದರೆ ಕಾಲುಗಳು ಹರಡಿ ಜಾರುವುದಿಲ್ಲ. ಎರೆ ಭೂಮಿ ನೆನೆದಿದ್ದಾಗ ಕಾಲು ಹೂತುಹೋಗದಂತೆ ತಡೆಯುವುದೂ ಈ ಬಿಲ್ಲೆಗಳೇ.

ಪ್ರಶ್ನೆ ಕೇಳಿದವರು: ನವನಗರ, ಬಾಗಲಕೋಟೆ

ಗ್ರಬ್ ಸ್ಕ್ರೂ ಹಾಕಿಸಿದೆ. ಇಂದು ಬೆಳಗಿನಿಂದ ಎರಡು ತಾಸು ಎಡಕ್ಕೂ ಬಲಕ್ಕೂ ತಿರುಗಿಸಿದರೂ ಹೆಡ್ಡು ಕದಲಲಿಲ್ಲ. ಹಿನ್ನೀರಿನ ಅಂಚಿನ ಕೆಸರಿನಲ್ಲಿ ಒಂದು ಕಾಲು ಮೆಲ್ಲಗೆ ಇಳಿಯುತ್ತಿದ್ದುದರಿಂದ ಬಾದಾಮಿಯವರು ಹೇಳಿದ ಮರದ ಬಿಲ್ಲೆಗಳನ್ನೂ ಮಾಡಿಕೊಳ್ಳುತ್ತೇನೆ. ಅವುಗಳಿಗೆ ಬೇಕಾದ ಸಾಗವಾನಿ ತುಂಡನ್ನು ತಂದೆಯವರು ಆಗಲೇ ಅಟ್ಟದಿಂದ ಹುಡುಕಿ ಇಳಿಸಿಟ್ಟಿದ್ದಾರೆ.